ಗೋಡೆ ದಪ್ಪವಾದ ಮಾತ್ರಕ್ಕೆ ಪಾನೀಯ ತಣ್ಣಗಾಗದು

ಪಾನೀಯ ತಣ್ಣಗಿಡುವ ದೊಡ್ಡ ಕೂಲರ್ ಪೆಟ್ಟಿಗೆ ಮಾಡಿಸಲು ಬರುವವರು ಮೊದಲು ಕೇಳುವುದೇ ಇನ್ಸುಲೇಷನ್, ಅಂದರೆ ಗೋಡೆಯೊಳಗೆ ಶಾಖ ತಡೆಯುವ ಪದರ, ಎಷ್ಟು ದಪ್ಪ ಎಂದು. 50 ಮಿಲಿಮೀಟರ್ ಎಂದರೆ ಸಮಾಧಾನವಿಲ್ಲ, 100 ಮಾಡಿಕೊಡಿ ಎನ್ನುತ್ತಾರೆ. ಒಳಗೆ ಸುರಿಯುವ ಪಾನೀಯ ಎಷ್ಟು ಡಿಗ್ರಿಯಲ್ಲಿರುತ್ತದೆ ಎಂದು ತಿರುಗಿ ಕೇಳಿದರೆ ಉತ್ತರ ಬರುವುದಿಲ್ಲ. ಪೆಟ್ಟಿಗೆಯ ಗಾತ್ರ, ಐಸಿನ ತೂಕ, ಕಾಲುಗಳ ಬಲ ಎಲ್ಲ ನಿರ್ಧಾರವಾಗುವುದು ಆ ಉತ್ತರದಿಂದ.

1 ಕೆಜಿ ನೀರನ್ನು 1 ಡಿಗ್ರಿ ಸೆಲ್ಸಿಯಸ್ ಇಳಿಸಲು ಸುಮಾರು 4.2 ಕಿಲೋಜೂಲ್ ಶಾಖ ತೆಗೆಯಬೇಕು. ಸಕ್ಕರೆ ಬೆರೆತಿದ್ದರೆ ಸ್ವಲ್ಪ ಕಡಿಮೆ. ಅಂದಾಜಿಗೆ ಇದೇ ಸಾಕು. 30 ಡಿಗ್ರಿಯಲ್ಲಿರುವ 100 ಲೀಟರ್ 4 ಡಿಗ್ರಿಗೆ ಬರಬೇಕಾದರೆ ಹತ್ತಿರ ಹತ್ತಿರ 10,900 ಕಿಲೋಜೂಲ್. 1 ಕೆಜಿ ಐಸ್ ಕರಗುತ್ತಾ ಹೀರುವುದು 334 ಕಿಲೋಜೂಲ್. ಹಾಗಾಗಿ 30 ಕೆಜಿಗೂ ಹೆಚ್ಚು ಐಸ್ ಬರೀ ತಣಿಸುವುದಕ್ಕೇ ಖರ್ಚಾಗುತ್ತದೆ.

ಈಗ ಗೋಡೆಯ ಪಾಲು ನೋಡಿ. ಇಷ್ಟು ಹಿಡಿಸುವ ಪೆಟ್ಟಿಗೆಯ ಮೇಲ್ಮೈ ಸುಮಾರು 1.7 ಚದರ ಮೀಟರ್. 50 ಮಿಲಿಮೀಟರ್ ಪಾಲಿಯುರೆಥೇನ್ ಫೋಮ್ ಇದ್ದು, ಒಳಗೂ ಹೊರಗೂ 28 ಡಿಗ್ರಿ ವ್ಯತ್ಯಾಸವಿದ್ದರೆ ಒಳಬರುವ ಶಾಖ 24 ವಾಟ್ ಆಸುಪಾಸು. 8 ಗಂಟೆಗೆ ಅದು ಕರಗಿಸುವ ಐಸ್ 2 ಕೆಜಿ. ಫೋಮನ್ನು 100 ಮಿಲಿಮೀಟರಿಗೆ ಏರಿಸಿದರೆ ಉಳಿಯುವುದು 1 ಕೆಜಿ ಐಸ್. ಅದೇ ಪಾನೀಯವನ್ನು ಮೊದಲೇ ಫ್ರಿಜ್ಜಿನಲ್ಲಿ 4 ಡಿಗ್ರಿಗೆ ಇಳಿಸಿ ತುಂಬಿದರೆ ಉಳಿಯುವುದು 30 ಕೆಜಿ! ಇದನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೂ, "ಇರಲಿ, ಆದರೂ ದಪ್ಪ ಮಾಡಿ" ಎನ್ನುವವರಿದ್ದಾರೆ. ಎರಡು ಮೂರು ದಿನ ಮುಚ್ಚಳ ತೆಗೆಯದೆ ಐಸ್ ಕಾಪಾಡಬೇಕಾದರೆ ದಪ್ಪ ಗೋಡೆಗೆ ಖಂಡಿತ ಅರ್ಥವಿದೆ. ಒಂದೇ ದಿನದಲ್ಲಿ ಖಾಲಿಯಾಗುವ ಪೆಟ್ಟಿಗೆಗೆ ಆ ಹಣವನ್ನು ಮುಚ್ಚಳದ ಸಂದು ಮುಚ್ಚುವ ಒಳ್ಳೆಯ ಗ್ಯಾಸ್ಕೆಟ್ಟಿಗೂ ನಲ್ಲಿಗೂ ಹಾಕಿ.

ಮೊದಲೇ ತಣಿಸಲು ಅನುಕೂಲವಿಲ್ಲವೆಂದರೆ ಐಸಿಗೆ ಪೆಟ್ಟಿಗೆಯೊಳಗೇ ಜಾಗ ಕೊಡಬೇಕು. ಪಾನೀಯಕ್ಕೇ ಐಸ್ ಸುರಿದರೆ 100 ಲೀಟರಿಗೆ 30 ಲೀಟರ್ ನೀರು ಸೇರಿಸಿದಂತೆ, ರುಚಿ ಕೆಡುತ್ತದೆ. ಮಧ್ಯದಲ್ಲಿ ತಳ ಮುಚ್ಚಿದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಇಳಿಬಿಟ್ಟು ಅದರೊಳಗೆ ಐಸ್ ತುಂಬುವುದು ಒಳ್ಳೆಯದು. ಬರೀ ಐಸ್ ತುಂಡು ಹಾಕಿದರೆ ನಡುವೆ ಗಾಳಿ ಉಳಿದು ಶಾಖ ಸರಿಯಾಗಿ ದಾಟುವುದಿಲ್ಲ, ಆದ್ದರಿಂದ ಮೊದಲೇ ಸ್ವಲ್ಪ ನೀರು ಹೊಯ್ಯಿರಿ. ಕೊಳವೆ ಪಾನೀಯದ ಮೇಲ್ಮಟ್ಟದವರೆಗೂ ಬರಬೇಕು. ತಣಿದ ದ್ರವ ಕೆಳಗಿಳಿಯುತ್ತದೆ. ಐಸ್ ತಳದಲ್ಲಷ್ಟೇ ಇದ್ದರೆ ಮೇಲಿನ ಪದರ ಬೆಚ್ಚಗೇ ಉಳಿಯುತ್ತದೆ. ನೀರಿನ ಸಾಂದ್ರತೆ 4 ಡಿಗ್ರಿಯಲ್ಲಿ ಅತಿ ಹೆಚ್ಚು, ಅದರ ಹತ್ತಿರ ಬಂದಂತೆ ಈ ಇಳಿಯುವ ಚಲನೆಯೂ ಮಂದವಾಗುತ್ತದೆ. ಕೊನೆಯ ಕೆಲವು ಡಿಗ್ರಿ ಇಳಿಯಲು ತಡವಾಗುವುದಕ್ಕೆ ಇದೂ ಒಂದು ಕಾರಣ. ಆಗಾಗ ಕಲಕಿದರೆ ಬೇಗ ಆಗುತ್ತದೆ.

ಹಂಚುವ ವೇಗವನ್ನೂ ಮರೆಯುತ್ತಾರೆ. 10 ಸೆಕೆಂಡಿಗೊಂದು 250 ಮಿಲಿಲೀಟರ್ ಲೋಟ ಎಂದರೆ ನಿಮಿಷಕ್ಕೆ ಒಂದೂವರೆ ಲೀಟರ್. ಪೆಟ್ಟಿಗೆಯಲ್ಲಿ ಮೊದಲೇ ತಣಿಸುವ ಬದಲು, ಐಸ್ ನೀರಿನಲ್ಲಿ ಮುಳುಗಿದ ಸುರುಳಿ ಕೊಳವೆಯಲ್ಲಿ ಹರಿಯುತ್ತಲೇ ಪಾನೀಯ 30ರಿಂದ 5 ಡಿಗ್ರಿಗೆ ಇಳಿಯಬೇಕಾದರೆ ನಿಮಿಷಕ್ಕೆ ಅರ್ಧ ಕೆಜಿಯಷ್ಟು ಐಸ್ ಕರಗುತ್ತದೆ. ಸರದಿ ಉದ್ದವಾದಾಗ ಬೆಚ್ಚಗಿನ ಲೋಟ ಬಂದರೆ ತಪ್ಪು ಗೋಡೆಯದಲ್ಲ.

ನಲ್ಲಿ ಕೂಡಿಸುವಲ್ಲಿ ಹೆಚ್ಚು ಕೆಡುತ್ತದೆ. ರಂಧ್ರ ಕೊರೆದು, ಫೋಮಿನ ಬಾಯಿಯನ್ನು ಹಾಗೇ ಬಿಟ್ಟು ನಲ್ಲಿ ತಿರುಗಿಸಿಬಿಡುತ್ತಾರೆ. ವಾಷರ್ ಸ್ವಲ್ಪ ಸಡಿಲವಾದರೂ ದ್ರವ ಫೋಮಿನೊಳಗೆ ಇಂಗುತ್ತದೆ. ನೀರಿನ ಉಷ್ಣವಾಹಕತೆ ಒಣ ಫೋಮಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಒಮ್ಮೆ ನೆನೆದ ಗೋಡೆ ಸುಲಭಕ್ಕೆ ಒಣಗುವುದೂ ಇಲ್ಲ. ರಂಧ್ರಕ್ಕೆ ಪ್ಲಾಸ್ಟಿಕ್ ಕೊಳವೆ ತೂರಿಸಿ ಎರಡೂ ಕಡೆ ಸೀಲ್ ಮಾಡಿ, ಅದರೊಳಗಿಂದ ನಲ್ಲಿ ಹಾಯಿಸಿ, ಒಳಗೊಂದು ಹೊರಗೊಂದು ಸಿಲಿಕೋನ್ ವಾಷರ್ ಹಾಕಿ. ನಲ್ಲಿಯ ಕುತ್ತಿಗೆ ಚಿಕ್ಕದಿರಲಿ, ಅದರಲ್ಲಿ ನಿಂತ ಪಾನೀಯ ಮೊದಲು ಬೆಚ್ಚಗಾಗುತ್ತದೆ. ಹುಳಿ ಪಾನೀಯಕ್ಕೆ ತಾಮ್ರ, ಹಿತ್ತಾಳೆ, ಸತುವಿನ ಲೇಪವಿರುವ ಭಾಗಗಳು ಬೇಡವೇ ಬೇಡ. ಲೋಹ ಕರಗಿ ಪಾನೀಯಕ್ಕೆ ಸೇರುತ್ತದೆ.

ಮುಚ್ಚಳ ಬಿಗಿಯಾದಷ್ಟೂ ಒಳ್ಳೆಯದು, ಆದರೆ ಗಾಳಿ ಒಳಹೋಗಲು ಚಿಕ್ಕ ರಂಧ್ರ ಬೇಕೇ ಬೇಕು. ಅದಿಲ್ಲದಿದ್ದರೆ ಪಾನೀಯ ಇಳಿದಂತೆ ಒಳಗೆ ಒತ್ತಡ ಕುಸಿದು, ನಲ್ಲಿ ಗುಳುಗುಳು ಎಂದು ನಿಂತುಬಿಡುತ್ತದೆ. ನಲ್ಲಿ ಕಟ್ಟಿದೆ ಎಂದು ಬಿಚ್ಚಲು ಹೋಗುತ್ತಾರೆ. ಸೋಡಾದಂಥ ಗ್ಯಾಸ್ ಇರುವ ಪಾನೀಯಕ್ಕೆ ಈ ವಿನ್ಯಾಸ ಹೊಂದುವುದಿಲ್ಲ, ಅದಕ್ಕೆ ಒತ್ತಡ ತಡೆಯುವ ಪಾತ್ರೆಯೇ ಬೇಕು. ಹಾಲಿನ ಪಾನೀಯವಾದರೆ 5 ಡಿಗ್ರಿಗಿಂತ ಮೇಲೇರಲು ಬಿಡಬೇಡಿ, ಥರ್ಮಾಮೀಟರ್ ಇಟ್ಟು ನೋಡುತ್ತಿರಿ. ನಲ್ಲಿಯನ್ನು ದಿನವೂ ಪೂರ್ತಿ ಬಿಚ್ಚಿ ತೊಳೆಯಬೇಕು, ಕೈಯಿಂದಲೇ ಬಿಚ್ಚಲಾಗುವಂಥದನ್ನೇ ಆರಿಸಿ. ಪಾನಾ (ಸ್ಪ್ಯಾನರ್) ಬೇಕಾಗುವ ನಲ್ಲಿಯನ್ನು ಯಾರೂ ದಿನವೂ ಬಿಚ್ಚುವುದಿಲ್ಲ.