ಹೊಸ ಈಜುಕೊಳದ ಸುತ್ತ ಇಂಟರ್‌ಲಾಕ್: ಮಳೆಗೆ ಮೊದಲಾ, ಆಮೇಲಾ?

ಪ್ರಶ್ನೆ: ಉಡುಪಿ ಹತ್ತಿರ ಮನೆ ಹಿತ್ತಿಲಲ್ಲಿ ಈಜುಕೊಳ ಕಟ್ಟಿಸಿದ್ದೇವೆ. ಏಪ್ರಿಲ್‌ನಲ್ಲಿ ಕೆಲಸ ಮುಗಿಯಿತು. ಮಳೆಗೆ ಮೊದಲೇ ಸುತ್ತ ಇಂಟರ್‌ಲಾಕ್ (ಒಂದಕ್ಕೊಂದು ಜೋಡಿಸುವ ಸಿಮೆಂಟ್ ಕಲ್ಲು) ಹಾಕಿಬಿಡೋಣ ಅಂತಾರೆ ಮೇಸ್ತ್ರಿ. ಒಂದು ಮಳೆಗಾಲ ಕಳೆಯಲಿ ಅಂತಾರೆ ನಮ್ಮ ಮಾವ. ಯಾರ ಮಾತು ಕೇಳಲಿ?

ಉತ್ತರ: ಮಾವನ ಮಾತು ಕೇಳಿ. ಇಂಟರ್‌ಲಾಕ್ ಕೆಟ್ಟದ್ದು ಅಂತಲ್ಲ, ಅದರ ಅಡಿಯ ಮಣ್ಣನ್ನು ಇನ್ನೂ ನಂಬುವ ಹಾಗಿಲ್ಲ.

ಗೋಡೆ ಕಟ್ಟುವವರಿಗೆ ನಿಲ್ಲಲು ಜಾಗ ಬೇಕಲ್ವಾ? ಅದಕ್ಕೇ ಕೊಳದ ಗುಂಡಿಯನ್ನು ಸುತ್ತಲೂ ಎರಡು ಮೂರು ಅಡಿ ಜಾಸ್ತಿ ತೋಡುತ್ತಾರೆ. ಗೋಡೆ ಎದ್ದ ಮೇಲೆ ಅದೇ ಕೆಂಪು ಮಣ್ಣನ್ನು ಜೆಸಿಬಿಯಲ್ಲಿ ಆ ಸಂದಿಗೆ ತಳ್ಳುತ್ತಾರೆ. ಮುರಕಲ್ಲಿನ (ಲ್ಯಾಟರೈಟ್) ನೆಲ ಅಗೆಯದಿದ್ದರೆ ಗಟ್ಟಿ. ಅಗೆದು ಸುರಿದರೆ ಒಳಗೆಲ್ಲ ಗಾಳಿ. ಐದಡಿ ಆಳಕ್ಕೆ ಒಂದೇ ಸಲ ಸುರಿದು ಮೇಲೆ ಪ್ಲೇಟ್ ಕಾಂಪ್ಯಾಕ್ಟರ್ (ನೆಲ ಗುದ್ದುವ ಯಂತ್ರ) ಓಡಿಸಿದರೆ ಮೇಲ್ಪದರ ಮಾತ್ರ ಬಿಗಿಯಾಗುತ್ತದೆ. ಉಳಿದದ್ದನ್ನು ಕೂರಿಸುವುದು ಮಳೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ.

ನಮ್ಮ ಬಾವಿಕಟ್ಟೆಯ ಸುತ್ತ ಇದೇ ಎಡವಟ್ಟು ಮಾಡಿಕೊಂಡಿದ್ದೆವು. ಮೇ ತಿಂಗಳಲ್ಲಿ ಹಾಕಿಸಿದ್ದು ಆಟಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಮುಗಿಯುವಷ್ಟರಲ್ಲಿ ಕಟ್ಟೆಯ ಕಡೆಗೆ ವಾಲಿತ್ತು. ಕಾಲಿಟ್ಟರೆ ಕಲ್ಲು ಕಟಕಟ ಅನ್ನೋದು, ಸಂದಿಯಿಂದ ಕೆಸರು ಪಚಕ್ಕನೆ ಪಂಚೆಗೆ ಹಾರೋದು.

ಆರಾರು ಇಂಚು ಮಣ್ಣು ಹಾಕಿ, ನೀರು ಚಿಮುಕಿಸಿ, ಪ್ರತಿ ಪದರವನ್ನೂ ದಮ್ಮಸ್ಸು ಮಾಡಿದ್ದರೆ ಕಾಯಬೇಕಿಲ್ಲ. ಮೇಸ್ತ್ರಿ ಹೌದು ಅನ್ನುತ್ತಾರೆ ಬಿಡಿ. ನೀವೇ ಒಂದು ಕಬ್ಬಿಣದ ಸರಳು ಊರಿ ನೋಡಿ. ಕೈ ಬಲಕ್ಕೇ ಒಂದೂವರೆ ಅಡಿ ಇಳಿದರೆ ಉತ್ತರ ಸಿಕ್ಕಿತು.

ಅಕ್ಟೋಬರ್ ನಂತರ ಹಾಕಿಸುವಾಗ ಎಲ್ಲಕ್ಕಿಂತ ಕೆಳಗೆ ನಾಲ್ಕರಿಂದ ಆರಿಂಚು ಜಲ್ಲಿ, ಚೆನ್ನಾಗಿ ಗುದ್ದಿಸಿ. ಅದರ ಮೇಲೆ ಒಂದೂವರೆ ಇಂಚಿನೊಳಗೆ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಆಮೇಲೆ 60 ಮಿ.ಮೀ. ಕಲ್ಲು. ಓಡಾಡುವ ಜಾಗಕ್ಕೆ ಅಷ್ಟು ದಪ್ಪ ಸಾಕು. ಅಡಿಗೆ ಸಿಮೆಂಟ್ ಹಾಕೋಣ ಅಂದರೆ ಒಪ್ಪಬೇಡಿ. ಎಲ್ಲಾದರೂ ಕುಸಿದರೆ ಕಲ್ಲು ಎತ್ತಿ, ಮಣ್ಣು ತುಂಬಿ, ಮತ್ತೆ ಅದೇ ಕಲ್ಲು ಕೂರಿಸಬಹುದು. ಇಂಟರ್‌ಲಾಕ್‌ನ ಲಾಭವೇ ಅದು. ಹೊರ ಅಂಚಿಗೆ ಮಾತ್ರ ಕಾಂಕ್ರೀಟ್ ಕಟ್ಟು ಬೇಕು, ಇಲ್ಲದಿದ್ದರೆ ಸಾಲು ಜಾರುತ್ತದೆ.

ಇಳಿಜಾರು ಕೊಳದ ಕಡೆಗಲ್ಲ, ಹೊರಗೆ. ಒಂದು ಮೀಟರಿಗೆ 2 ಸೆಂ.ಮೀ. ಸಾಕು, ಆದರೆ ಆ ನೀರು ಹರಿದುಹೋಗಲು ಕಣಿ ಬೇಕು. ಕಾಂಪೌಂಡ್ ಗೋಡೆ ಬುಡದಲ್ಲಿ ನಿಂತರೆ ಪಾಚಿ ಗ್ಯಾರಂಟಿ. ಕಲ್ಲಿನ ಬಣ್ಣ ತಿಳಿಯಾಗಿಯೇ ಇರಲಿ, ಏಪ್ರಿಲ್ ಬಿಸಿಲಿಗೆ ಕಪ್ಪು ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ.

ಅಲ್ಲಿಯವರೆಗೆ ಸುತ್ತ ಸುಮ್ನೆ ಜಲ್ಲಿ ಹರಡಿಡಿ, ತಗ್ಗಾದಲ್ಲಿ ಮಣ್ಣು ತುಂಬಿ ಗುದ್ದುತ್ತಾ ಇರಿ. ಹಾಂ, ಮಳೆಗಾಲದಲ್ಲಿ ತೊಳೆಯಲೆಂದು ಕೊಳ ಪೂರ್ತಿ ಖಾಲಿ ಮಾಡಬೇಡಿ. ನೆಲದೊಳಗಿನ ನೀರು ಮೇಲೆ ಬಂದಾಗ ಖಾಲಿ ತೊಟ್ಟಿಯನ್ನೇ ಎತ್ತಿಬಿಡಬಹುದು.