ಡಿಮೀಟರ್ ಕೊರಗಿದ್ದಕ್ಕೇ ಚಳಿಗಾಲ ಬಂತಾ?

ಪ್ರಶ್ನೆ: ಮಗಳು ಪಾತಾಳದಲ್ಲಿರುವಾಗ ಗ್ರೀಕರ ಬೆಳೆದೇವತೆ ಡಿಮೀಟರ್ ಕೊರಗುತ್ತಾಳೆ, ಅದೇ ಚಳಿಗಾಲ ಅಂತ ಎಲ್ಲೆಡೆ ಓದಿದ್ದೇನೆ. ಗ್ರೀಕರು ನಿಜಕ್ಕೂ ಹಾಗೆ ನಂಬಿದ್ರಾ?

ಉತ್ತರ: ಅರ್ಧ ಸರಿ. ಹೂ ಕೀಳುತ್ತಿದ್ದ ಮಗಳು ಪರ್ಸೆಫೊನಿಯನ್ನು ಪಾತಾಳದ ದೊರೆ ಹೇಡೀಸ್ ಹೊತ್ತೊಯ್ದ. ಅಲ್ಲಿ ದಾಳಿಂಬೆ ಕಾಳು ತಿಂದ ತಪ್ಪಿಗೆ ವರ್ಷದ ಮೂರನೇ ಒಂದು ಭಾಗ ಅವಳು ಅಲ್ಲೇ ಇರಬೇಕಾಯಿತು. ಹೋಮರನ ಹೆಸರಿನಲ್ಲಿ ಉಳಿದು ಬಂದಿರುವ ಡಿಮೀಟರ್ ಸ್ತೋತ್ರದ ಕಥೆ ಇದು. ಅವಳು ಮೇಲೆ ಬರುವುದು ಹೂ ಅರಳುವ ವಸಂತದಲ್ಲಿ ಅಂತಲೂ ಅದರಲ್ಲಿದೆ. ಆ ಲೆಕ್ಕಕ್ಕೆ ಅವಳಿಲ್ಲದ ಕಾಲ ಚಳಿಗಾಲವೇ.

ಆದರೆ ತಾಯಿ ಮುನಿದಾಗ ಏನಾಯ್ತು ನೋಡಿ. ಎತ್ತುಗಳು ನೇಗಿಲೆಳೆದದ್ದು ದಂಡವಾಯಿತು. ಬಿತ್ತಿದ ಬಾರ್ಲಿ ಮೊಳೆಯಲಿಲ್ಲ. ಜನರೆಲ್ಲ ಹಸಿವಿನಿಂದ ಸತ್ತರೆ ದೇವರುಗಳಿಗೆ ಬಲಿ ಕೊಡೋರು ಯಾರು? ದೇವರುಗಳ ದೊರೆ ಜೀಯಸ್ ಮಣಿದು ಪರ್ಸೆಫೊನಿಯನ್ನು ವಾಪಸ್ ಕರೆಸಲೇಬೇಕಾಯಿತು. ಇದು ಚಳಿಯಲ್ಲ, ಬರ.

ಗ್ರೀಸಿನಲ್ಲಿ ಮಳೆ ಜಾಸ್ತಿ ಬರುವುದೇ ಚಳಿಗಾಲದಲ್ಲಿ. ಅಕ್ಟೋಬರ್-ನವೆಂಬರ್‌ನಲ್ಲಿ ಬಿತ್ತನೆ, ಚಳಿಗಾಲವಿಡೀ ಹೊಲ ಹಸಿರು, ಮೇ-ಜೂನ್‌ನಲ್ಲಿ ಕೊಯ್ಲು. ಹೊಲ ಬೋಳಾಗಿ ಒಣಗುವುದು ಬೇಸಿಗೆಯಲ್ಲಿ. ಹಾಗಾಗಿ ಪರ್ಸೆಫೊನಿ ಅಂದರೆ ಬೇಸಿಗೆಯಲ್ಲಿ ನೆಲದಡಿ ಕೂಡಿಟ್ಟ ಕಾಳು ಅಂತ ಸ್ವೀಡನ್ನಿನ ವಿದ್ವಾಂಸ ಮಾರ್ಟಿನ್ ನಿಲ್ಸನ್ ವಾದಿಸಿದ್ದರು. ಜಾಣ ವಾದವೇ. ಆದರೆ ಸ್ತೋತ್ರದ ವಸಂತಕ್ಕೆ ಅದು ಒಗ್ಗುವುದಿಲ್ಲ ಅಲ್ವಾ?

ನನಗೆ ಕಾಣುವ ಹಾಗೆ, ಗ್ರೀಕ್ ರೈತ ಡಿಮೀಟರ್‌ಗೆ ಕೈಮುಗಿದದ್ದು ಚಳಿಗೆ ಹೆದರಿ ಅಲ್ಲ, ಬಿತ್ತಿದ್ದು ಮೊಳೆಯುತ್ತೋ ಇಲ್ವೋ ಅಂತ. ಅವಳ ದೊಡ್ಡ ಹಬ್ಬ ಥೆಸ್ಮೊಫೋರಿಯಾ ಬರುತ್ತಿದ್ದದ್ದೇ ಬಿತ್ತನೆಯ ಹೊತ್ತಿಗೆ. ಹೆಂಗಸರಿಗೆ ಮಾತ್ರ ಪ್ರವೇಶ. ಮೊದಲೇ ಗುಂಡಿಗೆ ಹಾಕಿದ್ದ ಹಂದಿಮರಿಗಳ ಕೊಳೆತ ಅವಶೇಷವನ್ನು ಅವರು ಮೇಲೆತ್ತಿ ಬಲಿಪೀಠದ ಮೇಲಿಡುತ್ತಿದ್ದರು. ಅದನ್ನು ಬಿತ್ತನೆ ಕಾಳಿಗೆ ಬೆರೆಸಿದರೆ ಬೆಳೆ ಚೆನ್ನಾಗಿ ಬರುತ್ತದೆ ಅನ್ನುವ ನಂಬಿಕೆ.

ಆ ನಂಬಿಕೆ ಅಷ್ಟು ಸುಲಭಕ್ಕೆ ಅಳಿಯಲಿಲ್ಲ. ಅಥೆನ್ಸ್ ಹತ್ತಿರದ ಎಲ್ಯೂಸಿಸ್‌ನಲ್ಲಿ ಡಿಮೀಟರ್ ಗುಡಿ ಹಾಳಾಗಿ ಶತಮಾನಗಳೇ ಕಳೆದಿದ್ದವು. ಊರವರು ಕ್ರೈಸ್ತರಾಗಿದ್ದರು. ಆದರೂ ಅಲ್ಲಿನ ಹಳೆಯ ಕಲ್ಲಿನ ಹೆಣ್ಣುಮೂರ್ತಿಯೊಂದರ ಸುತ್ತ ಗೊಬ್ಬರ ಸುರಿದಿಡುತ್ತಿದ್ದರು, ಅವಳು ಹೋದರೆ ಬೆಳೆಯೂ ಹೋಗುತ್ತದೆ ಅನ್ನುತ್ತಿದ್ದರು. 1801ರಲ್ಲಿ ಎಡ್ವರ್ಡ್ ಕ್ಲಾರ್ಕ್ ಎಂಬ ಇಂಗ್ಲಿಷ್ ಪ್ರವಾಸಿ, ಊರವರು ಬೇಡವೆಂದರೂ ಅದನ್ನು ಸಾಗಿಸಿದ. ತಲೆಯ ಮೇಲೆ ಪೆಟ್ಟಿಗೆ ಹೊತ್ತ ಆ ಮೂರ್ತಿ ಡಿಮೀಟರ್‌ದೇ ಅಲ್ಲ, ಗುಡಿಯ ಬಾಗಿಲಲ್ಲಿ ಕಂಬದಂತೆ ನಿಲ್ಲಿಸಿದ್ದ ಮೂರ್ತಿ ಅಂತ ಆಮೇಲೆ ಗೊತ್ತಾಯಿತು. ಈಗ ಅದು ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿದೆ.