ಮಂಡಿಗೆ ಹರಳು ಚುಚ್ಚಿಕೊಂಡ ವೈದ್ಯರು

ಅಮೆರಿಕದ ಫೈರ್ಸ್ ಮತ್ತು ಮೆಕಾರ್ಟಿ ಎಂಬ ವೈದ್ಯರು ಯೂರಿಕ್ ಆಮ್ಲದ ಲವಣವಾದ ಯೂರೇಟ್‌ನ ಹರಳುಗಳನ್ನು ನಾಯಿಗಳ ಕೀಲಿಗೆ ಚುಚ್ಚಿದ್ದಲ್ಲದೆ ತಮ್ಮ ಮಂಡಿಗೂ ಚುಚ್ಚಿಕೊಂಡರು. ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡು ತೀವ್ರ ನೋವು ಶುರುವಾಯಿತು. 1962ರಲ್ಲಿ ಪ್ರಕಟವಾದ ಈ ಸಾಹಸಕ್ಕೆ ಇಂದು ಯಾವ ನೈತಿಕ ಸಮಿತಿಯೂ ಒಪ್ಪಿಗೆ ಕೊಡಲಾರದು. ಆದರೆ ಗೌಟ್ ಎಂಬ ಕೀಲುಬೇನೆಯ ಅಪರಾಧಿ ಯಾರೆಂಬುದು ಅದರಿಂದ ಇತ್ಯರ್ಥವಾಯಿತು. ಯೂರಿಕ್ ಆಮ್ಲ ರಕ್ತದಲ್ಲಿ ಕರಗಿ ಹರಿಯುತ್ತಿರುವಷ್ಟು ಕಾಲ ಕೀಲಿನ ತಂಟೆಗೆ ಹೋಗುವುದಿಲ್ಲ. ಅದರ ಲವಣ ಕೀಲಿನೊಳಗೆ ಹರಳುಗಟ್ಟಿತೆಂದರೆ ಗ್ರಹಚಾರ ಆರಂಭ.

ಅರವತ್ತು ವರ್ಷ ಕಳೆದರೂ ಈ ವ್ಯತ್ಯಾಸ ಜನರಿಗೆ ತಲುಪಿಲ್ಲ. ರಕ್ತಪರೀಕ್ಷೆಯ ವರದಿಯಲ್ಲಿ ಯೂರಿಕ್ ಆಮ್ಲ ಒಂದು ಗೆರೆ ಮೇಲಿದ್ದರೆ ಸಾಕು, ಮಂಡಿನೋವು, ಸೊಂಟನೋವು, ಹಿಮ್ಮಡಿನೋವುಗಳನ್ನೆಲ್ಲ ಅದರ ತಲೆಗೆ ಕಟ್ಟಿ ಪಥ್ಯ ಶುರುಮಾಡುತ್ತಾರೆ. ಯೂರಿಕ್ ಆಮ್ಲ ಹೆಚ್ಚಿರುವವರಲ್ಲಿ ಬಹುಪಾಲು ಮಂದಿಗೆ ಗೌಟ್ ಬರುವುದೇ ಇಲ್ಲ. ತಮಾಷೆಯೆಂದರೆ, ಗೌಟ್ ಕೆರಳಿ ಕಾಲು ನೆಲಕ್ಕೂರಲಾಗದ ದಿನವೇ ರಕ್ತದ ಅಂಕಿ ಸಹಜವಾಗಿರಲೂಬಹುದು.

ನಮ್ಮ ಪೂರ್ವಜರಾದ ವಾನರರು ಕೋಟ್ಯಂತರ ವರ್ಷಗಳ ಹಿಂದೆಯೇ ಯೂರಿಕೇಸ್ ಎಂಬ ಕಿಣ್ವವನ್ನು ಕಳೆದುಕೊಂಡರು. ಹೆಚ್ಚಿನ ಸಸ್ತನಿಗಳು ಇದರ ನೆರವಿನಿಂದ ಯೂರಿಕ್ ಆಮ್ಲವನ್ನು ಸುಲಭವಾಗಿ ಕರಗುವ ವಸ್ತುವಾಗಿ ಮಾರ್ಪಡಿಸುತ್ತವೆ. ನಾವು ಹಾಗೆಯೇ ಹೊತ್ತು ತಿರುಗುತ್ತೇವೆ. ದೇಹದ ಒಳಗಿನ 37 ಡಿಗ್ರಿ ಉಷ್ಣತೆಯಲ್ಲಿ ಒಂದು ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ಕರಗಬಲ್ಲದು. ಬಿಸಿ ಪಾಕ ಆರುತ್ತಾ ಬಂದಂತೆ ಸಕ್ಕರೆ ಹರಳುಗಟ್ಟುವ ಹಾಗೆ, ಉಷ್ಣತೆ ಇಳಿದಷ್ಟೂ ಯೂರೇಟ್‌ಗೆ ಕರಗಿರುವುದು ಕಷ್ಟ. ದೇಹದ ತಣ್ಣನೆಯ ತುದಿಗಳಲ್ಲಿ ಒಂದು ಕಾಲಿನ ಹೆಬ್ಬೆರಳು. ಗೌಟ್ ಮೊದಲು ಅಲ್ಲಿಯೇ, ಅದೂ ಬಹಳ ಸಲ ರಾತ್ರಿ ಹೊತ್ತಿನಲ್ಲೇ ಕಾಣಿಸಿಕೊಳ್ಳುವುದಕ್ಕೆ ಇದೊಂದು ಕಾರಣ. ಸೂಜಿಯಂಥ ಹರಳನ್ನು ರಕ್ಷಕ ಕಣವೊಂದು ನುಂಗುತ್ತದೆ, ಅರಗಿಸಿಕೊಳ್ಳಲಾರದೆ ಇಂಟರ್‌ಲ್ಯೂಕಿನ್-1 ಎಂಬ ಸಂದೇಶವನ್ನು ಹೊರಡಿಸುತ್ತದೆ. ಕರೆ ಕೇಳಿ ಬಿಳಿ ರಕ್ತಕಣಗಳ ದಂಡೇ ನುಗ್ಗುತ್ತದೆ. ಹೊದಿಕೆಯ ಅಂಚು ತಾಗಿದರೂ ಚೀರುವಂತೆ ಮಾಡುವುದು ಈ ದಂಡಿನ ಗದ್ದಲ.

ಗೌಟ್ ಗಂಟಿನ ಹರಳುಗಳನ್ನು 17ನೇ ಶತಮಾನದಲ್ಲೇ ಡಚ್ ವಿಜ್ಞಾನಿ ಲೇವನ್‌ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದ. ಅವು ಏನೆಂದು ಆತನಿಗೆ ತಿಳಿಯಲಿಲ್ಲ. ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲವನ್ನು ಪತ್ತೆಹಚ್ಚಿದವನು ಲಂಡನ್ನಿನ ಆಲ್ಫ್ರೆಡ್ ಗ್ಯಾರೊಡ್, 1848ರಲ್ಲಿ. ಅದೇ ಗ್ಯಾರೊಡ್ 1859ರಲ್ಲಿ ಇನ್ನೊಂದು ಕೀಲುಬೇನೆಯನ್ನು ಗೌಟ್‌ನಿಂದ ಬೇರ್ಪಡಿಸಿ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಕರೆದ.

ಇಲ್ಲಿ ಹರಳಿಲ್ಲ, ಹೊರಗಿನ ಶತ್ರುವೂ ಇಲ್ಲ. ರೋಗನಿರೋಧಕ ವ್ಯವಸ್ಥೆ ಕೀಲಿನ ಒಳಪೊರೆಯ ಮೇಲೆಯೇ ತಿರುಗಿಬೀಳುತ್ತದೆ. ಪೊರೆ ದಪ್ಪಗಾಗಿ, ಬೆಳೆದು, ಮೂಳೆಯ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ರೋಗಿಯ ಕೈಯನ್ನು ಗಮನಿಸಿ: ಊತ ಸಾಮಾನ್ಯವಾಗಿ ಎರಡೂ ಕೈಗಳಲ್ಲಿ, ಮಣಿಕಟ್ಟು, ಬೆರಳುಗಳ ಬುಡ ಮತ್ತು ನಡುಗೆಣ್ಣಿನಲ್ಲಿರುತ್ತದೆ, ಉಗುರಿನ ಪಕ್ಕದ ಗೆಣ್ಣನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ವೈದ್ಯರಿಗೆ ಈ ಎರಡು ಸಂಗತಿಗಳು ಎಷ್ಟೋ ಸಲ ರುಮಟಾಯ್ಡ್ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆಗಿಂತ ಹೆಚ್ಚು ಹೇಳುತ್ತವೆ. ಆ ಪರೀಕ್ಷೆ ಆರೋಗ್ಯವಂತ ವೃದ್ಧರಲ್ಲೂ ಪಾಸಿಟಿವ್ ಬರಬಹುದು, ನಿಜವಾದ ರೋಗಿಯಲ್ಲಿ ನೆಗೆಟಿವ್ ಆಗಬಹುದು.

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ರುಮಟಾಯ್ಡ್ ಇದ್ದ ಒಬ್ಬ ಯುವತಿಗೆ ಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಚುಚ್ಚಿಸಿದರು. ಹಾಸಿಗೆಯಿಂದ ಏಳಲು ಒದ್ದಾಡುತ್ತಿದ್ದವಳು ಕೆಲವೇ ದಿನಗಳಲ್ಲಿ ನಡೆದಾಡಿದಳು. ಎರಡೇ ವರ್ಷಕ್ಕೆ ನೊಬೆಲ್ ಬಂತು. ಅಷ್ಟರಲ್ಲೇ ಪವಾಡದ ಇನ್ನೊಂದು ಮುಖವೂ ಕಾಣತೊಡಗಿತ್ತು: ಉಬ್ಬಿದ ಮುಖ, ಏರಿದ ಸಕ್ಕರೆ, ಸವೆದ ಮೂಳೆ. ಇದನ್ನು ನೆನಪಿಸಲು ಕಾರಣವಿದೆ. ಎಲ್ಲ ಬಗೆಯ ಕೀಲುನೋವಿಗೂ ಒಂದೇ ಮದ್ದು ಎಂದು ಮಾರುವ, ಮೂರೇ ದಿನಕ್ಕೆ ನೋವು ಮಾಯವಾಗಿಸುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದು ಮತ್ತೆ ಮತ್ತೆ ಪತ್ತೆಯಾಗಿದೆ. ನೋವು ಇಳಿಯುವುದು ಸುಳ್ಳಲ್ಲ, ಅದೇ ಅಪಾಯ. ರುಮಟಾಯ್ಡ್‌ನಲ್ಲಿ ಮೊದಲ ತಿಂಗಳುಗಳು ಅಮೂಲ್ಯ. ಮೆಥೋಟ್ರೆಕ್ಸೇಟ್‌ನಂಥ ಔಷಧ ಆಗಲೇ ಸಿಕ್ಕರೆ ಕೀಲು ಉಳಿಯುವ ಸಾಧ್ಯತೆ ಹೆಚ್ಚು; ಪುಡಿ ನುಂಗುತ್ತಾ ಕಳೆದ ಕಾಲದಲ್ಲಿ ಕೊರೆದುಹೋದ ಮೂಳೆ ಮರಳುವುದಿಲ್ಲ.

ಇವೆಲ್ಲಕ್ಕಿಂತ ಸಾಮಾನ್ಯವಾದದ್ದು ಆಸ್ಟಿಯೋಆರ್ಥ್ರೈಟಿಸ್, ಅಂದರೆ ಕೀಲು ಸವೆತ. ಮಂಡಿ, ಸೊಂಟದ ಕೀಲು, ಹೆಬ್ಬೆರಳಿನ ಬುಡ, ಮತ್ತು ರುಮಟಾಯ್ಡ್ ಬಿಟ್ಟುಕೊಟ್ಟ ಆ ಉಗುರಿನ ಪಕ್ಕದ ಗೆಣ್ಣು ಇದರ ಪಾಲು. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ನೋವು ಓಡಾಡಿದಷ್ಟೂ ಹೆಚ್ಚಿ, ಸಂಜೆಗೆ ಜೋರಾಗುತ್ತದೆ. "ಸವೆದುಹೋಗಿದೆ, ಇನ್ನು ನಡೆಯಬೇಡಿ" ಎಂಬ ಸಲಹೆ ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದರ ಊಟ ಬರುವುದು ಸುತ್ತಲಿನ ಕೀಲುದ್ರವದಿಂದ. ಭಾರ ಬಿದ್ದಾಗ ದ್ರವ ಹೊರಕ್ಕೆ ಒತ್ತಿಹೋಗಿ, ಭಾರ ಇಳಿದಾಗ ಮರಳಿ ಒಳಬರುತ್ತದೆ. ಕುಳಿತೇ ಇರುವ ಮಂಡಿಗೆ ಆ ಊಟ ಕಡಿಮೆ, ತೊಡೆಯ ಸ್ನಾಯುಗಳೂ ಸೊರಗುತ್ತವೆ. ಮೃದ್ವಸ್ಥಿಗೆ ನರಗಳೂ ಇಲ್ಲ, ಹಾಗಾಗಿ ಎಕ್ಸ್‌ರೇಯಲ್ಲಿ ಹಾಳಾದಂತೆ ಕಾಣುವ ಮಂಡಿ ನೋಯದೆಯೂ ಇರಬಹುದು.

ಸೋರಿಯಾಸಿಸ್ ಎಂಬ ಚರ್ಮರೋಗದ ಜೊತೆ ಬರುವ ಕೀಲೂತವನ್ನು ಉಗುರಿನ ಮೇಲಿನ ಚಿಕ್ಕ ಚಿಕ್ಕ ಕುಳಿಗಳು ಬಿಟ್ಟುಕೊಡುತ್ತವೆ. ಜ್ವರದೊಂದಿಗೆ ಒಂದೇ ಕೀಲು ಹಠಾತ್ತನೆ ಬಿಸಿಯಾಗಿ ಊದಿದರೆ ಸೋಂಕಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಬ್ಯಾಕ್ಟೀರಿಯಾ ಕೆಲವೇ ದಿನಗಳಲ್ಲಿ ಕೀಲನ್ನು ಹಾಳುಗೆಡಹಬಲ್ಲದು. ಇನ್ನು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ಇದು ಹರೆಯದವರ ಬೆನ್ನಿಗೆ ಬರುತ್ತದೆ, ಬೆಳಗಿನ ಜಾವ ನಿದ್ದೆಯಿಂದ ಎಬ್ಬಿಸುತ್ತದೆ, ಎದ್ದು ನಡೆದಾಡಿದರೆ ಹಗುರಾಗುತ್ತದೆ. ಮಲಗಿದಷ್ಟೂ ಬಿಗಿಯುವ ಈ ಬೆನ್ನನ್ನು ಸಾಧಾರಣ ಉಳುಕೆಂದು ಭಾವಿಸಿ ವಿಶ್ರಾಂತಿ ಪಡೆಯುತ್ತಾ ವರ್ಷಗಟ್ಟಲೆ ಕಳೆದವರಿದ್ದಾರೆ.